ಎಡ ಮೂಲೆಯ ಐದನೇ ನಂಬರ್

ಇಪ್ಪತ್ತು ಹುಡುಗರ ಹೆಸರನ್ನು ಒಂದರ ಕೆಳಗೊಂದು ಬರೆಯಬೇಕು, ಒಂದೇ ಸಾಲಿನಲ್ಲಿ ಇಬ್ಬರನ್ನು ನಿಲ್ಲಿಸುವ ಹಾಗಿಲ್ಲ. ನನಗೆ ಕೊಟ್ಟ ಕೆಲಸ ಇಷ್ಟೇ. ಕೇಳಿದವರೆಲ್ಲ "ಅದೇನು ಮಹಾ" ಅಂದರು. ಏಳನೆಯವನನ್ನು ಯಾಕೆ ಏಳನೆಯವನು ಮಾಡಿದೆ, ಎಂಟನೆಯವನು ಯಾಕೆ ಆಗಲಿಲ್ಲ ಎಂದು ಒಂದು ವಾರ ತಲೆ ಕೆಡಿಸಿಕೊಂಡು ಕೂತರೆ ಅದೇನು ಮಹಾ ಅಂತ ಅವರಿಗೂ ಗೊತ್ತಾಗುತ್ತಿತ್ತು.

ಇಪ್ಪತ್ತು ವರ್ಷದ ಒಳಗಿನವರಿಗೆಂದು ಹೊಸದಾಗಿ ಶುರುವಾದ ಕಬಡ್ಡಿ ಲೀಗ್ ಅದು. ತಂಡಗಳು ಸರದಿಯ ಮೇಲೆ ಒಬ್ಬೊಬ್ಬ ಹುಡುಗನನ್ನು ಆರಿಸಿಕೊಳ್ಳುವ ದಿನಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಅದರಲ್ಲೊಂದು ತಂಡದ ಕೋಚ್ ಹಳೆಯ ಪರಿಚಯ. ನಾನು ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದಾಗ ಎದುರು ತಂಡದಲ್ಲಿದ್ದವರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕು ಸುತ್ತಿ ಹುಡುಗರನ್ನು ನೋಡಿ ಪಟ್ಟಿ ಮಾಡಿಕೊಡಿ ಎಂದು ಅವರು ಫೋನ್ ಮಾಡಿದಾಗ ನಾನು ಶಾಲೆಯ ಮೈದಾನದಲ್ಲಿ ಎಂಟನೇ ಕ್ಲಾಸಿನವರಿಗೆ ಡ್ರಿಲ್ ಮಾಡಿಸುತ್ತಿದ್ದೆ. ದೈಹಿಕ ಶಿಕ್ಷಕನನ್ನು ಇಷ್ಟು ಮರ್ಯಾದೆಯಿಂದ ಕೇಳುವವರು ಯಾರಿದ್ದಾರೆ? ಉಬ್ಬಿಹೋದೆ.

"ಮೇಷ್ಟ್ರೇ, ನಿಮ್ಮ ಜಿಲ್ಲೆಯಿಂದ ನನಗೆ ಒಬ್ಬ ಲೆಫ್ಟ್ ಕಾರ್ನರ್ ಬೇಕು, ಒಬ್ಬನೇ ಸಾಕು" ಅಂದರು ಕೋಚ್. "ಸಿಕ್ಕಿದರೆ ಒಬ್ಬ ರೇಡರ್. ನನ್ನ ಸರದಿ ಬಂದಾಗ ಯೋಚನೆ ಮಾಡೋಕೆ ಒಂದು ನಿಮಿಷ ಇರುತ್ತೆ. ಆಗ ನಾನು ನಿಮ್ಮ ಪಟ್ಟಿ ನೋಡ್ತೀನಿ, ಅಷ್ಟೇ."

ಲೆಫ್ಟ್ ಕಾರ್ನರ್ ಅಂದರೆ ನಮ್ಮ ಹಳ್ಳಿಗಳಲ್ಲಿ ಎಡ ಮೂಲೆ. ಎದುರಾಳಿ ರೇಡರ್ ಕಬಡ್ಡಿ ಕಬಡ್ಡಿ ಅನ್ನುತ್ತ ಒಳಗೆ ಬಂದಾಗ ಕೈ ಕೈ ಹಿಡಿದು ನಿಂತ ಸಾಲಿನ ಎಡತುದಿಯಲ್ಲಿ ನಿಲ್ಲುವವನು. ನಾನೂ ಅಲ್ಲೇ ನಿಲ್ಲುತ್ತಿದ್ದವನು. ಬಲಗೈ ಕಿರುಬೆರಳು ಈಗಲೂ ಮಡಚುವುದಿಲ್ಲ. ಆ ಜಾಗದಲ್ಲಿ ನಿಂತವನು ಮಾಡಬೇಕಾದ ದೊಡ್ಡ ಕೆಲಸ ಕಾಯುವುದು. ರೇಡರ್ ಹೆಚ್ಚಿನ ಅಂಕದ ಆಸೆಗೆ ಬೋನಸ್ ಗೆರೆಗೆ ಕಾಲು ಚಾಚಿದ ಆ ಒಂದು ಗಳಿಗೆಯಲ್ಲಿ ಬಾಗಿ ಹಿಮ್ಮಡಿ ಹಿಡಿಯಬೇಕು. ಅರ್ಧ ಗಳಿಗೆ ಮುಂಚೆ ಬಾಗಿದರೆ ಅವನು ತಲೆಯ ಮೇಲೆ ಹಾರಿ ಹೋಗುತ್ತಾನೆ.

ನನ್ನ ಹತ್ತಿರ ಇದ್ದದ್ದು ಹದಿನೆಂಟು ದಿನ, ಒಂದು ನೋಟ್‌ಬುಕ್, ಸ್ಟಾಪ್‌ವಾಚ್, ಸ್ನಾನದ ಮನೆಯ ತೂಕದ ಯಂತ್ರ, ಮತ್ತು ಹಾಸಿಗೆ ಹೊಲಿಯುತ್ತಿದ್ದ ನಮ್ಮ ಅಬ್ಬಾನ ಅಳತೆ ಟೇಪು. ಟೇಪು ಹುಡುಗರ ತೋಳಿನಳತೆಗೆ. ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬನಿಗೆ ಒಂದು ಪುಟ: ಎಷ್ಟು ಸಲ ಹಿಡಿಯಲು ಹೋದ, ಎಷ್ಟು ಸಲ ಸಿಕ್ಕಿತು, ಎಷ್ಟು ಸಲ ಅವಸರ ಮಾಡಿದ, ಸರಪಳಿಯಲ್ಲಿ ಪಕ್ಕದವನ ಕೈ ಬಿಟ್ಟನಾ, ಪಾಯಿಂಟ್ ಕೊಟ್ಟ ಮೇಲೆ ಮುಖ ಹೇಗಿತ್ತು.

ಪುಟದ ಮೇಲೆ ನಾನು ಹೆಸರು ಬರೆಯುವುದಿಲ್ಲ. ಊರು ಮತ್ತು ಅಂಗಿಯ ನಂಬರ್ ಮಾತ್ರ. ಹೆಸರು ಗೊತ್ತಾದರೆ ಯಾರ ಮಗ, ಯಾವ ಕೇರಿ, ಯಾರ ಶಿಷ್ಯ ಎಲ್ಲ ಗೊತ್ತಾಗುತ್ತದೆ, ಆಮೇಲೆ ಕಣ್ಣು ನೆಟ್ಟಗೆ ನೋಡುವುದಿಲ್ಲ. ಈ ಪದ್ಧತಿಯ ಬಗ್ಗೆ ನನಗೆ ಬಹಳ ಜಂಬವಿತ್ತು. ಕೋಚ್‌ಗೂ ಎರಡು ಸಲ ಹೇಳಿಕೊಂಡಿದ್ದೆ.

ಮೊದಲ ವಾರ ಹೇಗೋ ಕಳೆಯಿತು. ಮದಕರಿಪುರದ ಹುಡುಗರನ್ನು ಚಂದ್ರವಳ್ಳಿಯ ಹತ್ತಿರ ಓಡಿಸಿ ಉಸಿರು ನೋಡಿದೆ. ಹಿರಿಯೂರಿನಲ್ಲಿ ಒಬ್ಬ ರೇಡರ್ ಸಿಕ್ಕಿದ, ಮೊಲದ ಹಾಗೆ ತಿರುಗುತ್ತಿದ್ದ, ತೂಕ ಮಾತ್ರ ಕಡಿಮೆ. ಎಡ ಮೂಲೆಯವನು ಎಲ್ಲೂ ಸಿಗಲಿಲ್ಲ. ಎಲ್ಲರಿಗೂ ರೇಡರ್ ಆಗುವ ಆಸೆ. ಮೂಲೆಯಲ್ಲಿ ಕಾಯುತ್ತ ನಿಲ್ಲುವವನ ಫೋಟೋವನ್ನು ಯಾರು ಹಾಕುತ್ತಾರೆ?

ಎರಡನೇ ವಾರದ ಶನಿವಾರ, ಭಾನುವಾರ ಎರಡು ಕಡೆ ಪಂದ್ಯಾವಳಿ ಬಿತ್ತು. ಒಂದು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ, ಇನ್ನೊಂದು ಹೊಳಲ್ಕೆರೆಯಲ್ಲಿ. ಶನಿವಾರ ಬೆಳಿಗ್ಗೆ ಶ್ರೀರಾಂಪುರದಲ್ಲಿ ಒಂದು ಪಂದ್ಯ ನೋಡಿದೆ. ಆ ಊರಿನ ತಂಡದ ಐದನೇ ನಂಬರ್ ಎಡ ಮೂಲೆಯಲ್ಲಿದ್ದ. ಗಟ್ಟಿ ಹುಡುಗ. ಮೂರು ಡ್ಯಾಶ್ ಹೊಡೆದ, ಅಂದರೆ ರೇಡರ್‌ನ ಎದೆಗೆ ಎದೆ ಕೊಟ್ಟು ಗೆರೆಯಾಚೆ ತಳ್ಳಿದ. ಹಿಮ್ಮಡಿ ಹಿಡಿಯಲು ಒಂದೇ ಸಲ ಹೋದ, ಅವಸರ ಮಾಡಿದ. ಪಂದ್ಯ ಮುಗಿದ ಕೂಡಲೇ ನಾನು ಹೊಳಲ್ಕೆರೆಗೆ ಬಸ್ ಹತ್ತಬೇಕಿತ್ತು. ಉಳಿದ ಪಂದ್ಯಗಳನ್ನು ಫೋನಿನಲ್ಲಿ ವಿಡಿಯೊ ಮಾಡಿ ಕಳಿಸಿ ಎಂದು ಅಲ್ಲಿನ ತರಬೇತುದಾರರಿಗೆ ಹೇಳಿದೆ. ಹಿಟ್ಟಿನ ಗಿರಣಿ ನಡೆಸುವ ಮನುಷ್ಯ, ಹುಬ್ಬಿನ ಮೇಲೆ ಸದಾ ರಾಗಿ ಹಿಟ್ಟು.

"ಕಳಿಸ್ತೀನಿ ಬಿಡ್ರಿ ಸಾಹೇಬ್ರೇ. ನಮ್ಮ ಎಡ ಮೂಲೆ ನೋಡಿದ್ರಲ್ಲ? ಇನ್ನೂ ಐತೆ ನೋಡ್ರಿ ಆಟ" ಅಂದರು.

ಹೊಳಲ್ಕೆರೆಯಲ್ಲೂ ಒಬ್ಬ ಎಡ ಮೂಲೆ ಸಿಕ್ಕಿದ. ಸಣ್ಣ ಸೊಂಟ, ಉದ್ದ ತೋಳು, ಮಾತಿಲ್ಲ. ಎರಡು ದಿನ ಅವನ ನಾಲ್ಕು ಪಂದ್ಯ ಗೆರೆಯ ಪಕ್ಕದಲ್ಲೇ ಕೂತು ನೋಡಿದೆ. ತಪ್ಪು ಮಾಡಲಿಲ್ಲ, ಬೆರಗೂ ಹುಟ್ಟಿಸಲಿಲ್ಲ. ಹೊರಡುವಾಗ ಬಸ್‌ಸ್ಟ್ಯಾಂಡಿನವರೆಗೆ ನನ್ನ ತೂಕದ ಯಂತ್ರ ಹೊತ್ತು ತಂದ. ಬಸ್ ಹೊರಡುವಾಗ ಮಾತ್ರ ಕೇಳಿದ: "ಸಾರ್, ನನ್ನ ಎಲ್ಲಿಡ್ತೀರಿ?"

"ಇನ್ನೂ ಗೊತ್ತಿಲ್ಲಪ್ಪ" ಅಂದೆ.

ಶ್ರೀರಾಂಪುರದ ವಿಡಿಯೊಗಳು ಭಾನುವಾರ ಸಂಜೆ ಬಂದವು. ದೂರದಿಂದ, ಗಿಡದ ಮೇಲೆ ಕೂತು ತೆಗೆದಂತಿದ್ದವು. ಕೆಮ್ಮಣ್ಣಿನ ಧೂಳು, ಮುಖಗಳೆಲ್ಲ ಒಂದೇ ಬಣ್ಣ. ಅಂಗಿಯ ನಂಬರ್ ಮಾತ್ರ ಚೆನ್ನಾಗಿ ಕಾಣುತ್ತಿತ್ತು, ನನಗೆ ಅಷ್ಟೇ ಸಾಕಿತ್ತು. ಆ ಮೂರು ಪಂದ್ಯಗಳಲ್ಲಿ ಐದನೇ ನಂಬರ್ ಮಾಡಿದ್ದನ್ನು ನೋಡಿ ಮೈ ಜುಮ್ಮೆಂದಿತು. ಏಳು ಸಲ ಹಿಮ್ಮಡಿಗೆ ಹೋದ, ಆರು ಸಲ ಹಿಡಿದ. ಕಾಯುತ್ತಾನೆ, ಕಾಯುತ್ತಾನೆ, ರೇಡರ್‌ಗೇ ಬೇಸರ ಬರುವಷ್ಟು ಕಾಯುತ್ತಾನೆ, ಆಮೇಲೆ ರೇಡರ್‌ನ ಕಾಲು ನೆಲದಿಂದ ಏಳುವುದೇ ಇಲ್ಲ. ಶನಿವಾರದ ಡ್ಯಾಶ್, ಭಾನುವಾರದ ಹಿಡಿತ, ಎರಡೂ ಒಬ್ಬನಲ್ಲಿ! ಆ ಜಾಗದಲ್ಲಿ ಹತ್ತು ವರ್ಷ ನಿಂತ ನನಗೂ ಎರಡೂ ಬಂದಿರಲಿಲ್ಲ.

ಮಾರನೇ ದಿನ ಗಿರಣಿಯವರಿಗೆ ಫೋನ್ ಮಾಡಿ, ಐದನೇ ನಂಬರ್ ಹುಡುಗನ ಫಾರಂ, ಆಧಾರ್ ನಕಲು ಕೂಡಲೇ ಕಳಿಸಿ ಅಂದೆ. ಫಾರಂ ಕೊಡುವ ಕೊನೆಯ ದಿನ ಹತ್ತಿರವಿತ್ತು. ಆಮೇಲೆ ಇರುವ ಹೆಸರನ್ನು ಮೇಲೆ ಕೆಳಗೆ ಮಾಡಬಹುದೇ ಹೊರತು ಹೊಸ ಹೆಸರು ಸೇರಿಸುವಂತಿಲ್ಲ. ಫಾರಂ ಬಂತು. ಹುಡುಗನಿಗೆ ಇಪ್ಪತ್ತು ತುಂಬಲು ಕೆಲವೇ ತಿಂಗಳು ಬಾಕಿ. ಈ ಸಲ ಆಯ್ಕೆಯಾದರೆ ಆಯಿತು, ಇಲ್ಲದಿದ್ದರೆ ಈ ಬಾಗಿಲು ಅವನಿಗೆ ಮುಚ್ಚಿತು. ಅದನ್ನು ನೋಡಿ ಇನ್ನೂ ಖುಷಿಯಾಯಿತು, ಸರಿಯಾದ ಹೊತ್ತಿಗೆ ಹೋದೆನಲ್ಲ ಎಂದು.

ಪಟ್ಟಿ ಕಳಿಸಿದೆ, ಜೊತೆಗೆ ಶ್ರೀರಾಂಪುರದ ವಿಡಿಯೊಗಳನ್ನೂ. ಒಂದು, ಶ್ರೀರಾಂಪುರದ ಎಡ ಮೂಲೆ. ಎರಡು, ಹೊಳಲ್ಕೆರೆಯವನು. ಮೂರು, ಹಿರಿಯೂರಿನ ರೇಡರ್. ಕೋಚ್‌ಗೆ ಬೇಕಿದ್ದದ್ದು ಒಬ್ಬನೇ ಎಡ ಮೂಲೆಯಾದ್ದರಿಂದ ಎರಡನೆಯವನಿಗೆ ಅಲ್ಲಿ ಜಾಗವಿರಲಿಲ್ಲ. ಅದು ಗೊತ್ತಿದ್ದೇ ಬರೆದೆ. ಪಟ್ಟಿ ಗುಟ್ಟಾಗಿರಬೇಕಿತ್ತು, ಆದರೆ ನಾನೇ ಸಂತೋಷ ತಡೆಯಲಾರದೆ ಗಿರಣಿಯವರಿಗೆ ಬಾಯಿಬಿಟ್ಟೆ. ಎರಡೇ ದಿನಕ್ಕೆ ಶ್ರೀರಾಂಪುರದ ಬಸ್‌ಸ್ಟ್ಯಾಂಡಿನಲ್ಲಿ ಹುಡುಗನ ಫೋಟೋ ಹಾಕಿದ ಫ್ಲೆಕ್ಸ್ ಎದ್ದಿತು. ಅದರ ಕೆಳಗೆ ಶುಭ ಕೋರುವವರು ಎಂದು ಹನ್ನೊಂದು ಮುಖಗಳು.

ಡ್ರಾಫ್ಟ್‌ಗೆ ಐದು ದಿನ ಇದ್ದಾಗ ಕೋಚ್ ಫೋನ್ ಮಾಡಿದರು.

"ಮೇಷ್ಟ್ರೇ, ನಿಮ್ಮ ಒಂದನೇ ಹುಡುಗ ಯಾವ ಕಾಲು ಮುಂದಿಟ್ಟು ನಿಲ್ತಾನೆ?"

ನೋಟ್‌ಬುಕ್ ತೆಗೆದೆ. ಶನಿವಾರದ ಸಾಲಿನಲ್ಲಿ ನನ್ನದೇ ಅಕ್ಷರ. "ಬಲಗಾಲು" ಅಂದೆ.

"ನೀವು ಕಳಿಸಿದ ವಿಡಿಯೊದಲ್ಲಿ ಎಡಗಾಲು ಮುಂದಿದೆಯಲ್ಲ? ಮೂರು ಪಂದ್ಯದಲ್ಲೂ. ಎರಡೂ ಕಾಲಲ್ಲಿ ನಿಲ್ಲೋ ಹುಡುಗನನ್ನ ನಾನಂತೂ ನೋಡಿಲ್ಲ. ಒಂದ್ಸಲ ನೋಡಿ ಹೇಳಿ."

ಶಾಲೆಯ ಆಫೀಸಿನ ಕಂಪ್ಯೂಟರ್‌ನಲ್ಲಿ ವಿಡಿಯೊ ಹಾಕಿಕೊಂಡು ಕೂತೆ. ಗುಮಾಸ್ತರು ಕ್ರಿಕೆಟ್ಟಾ ಎಂದು ಬಂದು ನೋಡಿ ಹೋದರು. ಎಡಗಾಲೇ ಮುಂದಿತ್ತು. ಮೊದಲನೇ ವಿಡಿಯೊದ ಶುರುವಿನಲ್ಲಿ, ಪಂದ್ಯಕ್ಕೆ ಮುಂಚೆ, ಚಿತ್ರದ ಅಂಚಿನಲ್ಲಿ ಇಬ್ಬರು ಹುಡುಗರು ಅಂಗಿ ಬಿಚ್ಚುತ್ತಿದ್ದರು. ಒಬ್ಬ ತನ್ನದನ್ನು ಇನ್ನೊಬ್ಬನ ಕಡೆ ಎಸೆದ. ಹಿಡಿದವನು ಕೊಡವಿ, ತಲೆಯ ಮೇಲಿಂದ ಎಳೆದುಕೊಂಡು ಬೆನ್ನು ತಿರುಗಿಸಿದ. ಐದು.

ನಾನು ನಾಲ್ಕು ತಾಲ್ಲೂಕಿನಲ್ಲಿ ಮೊದಲನೆಯವನು ಎಂದು ಬರೆದ ಹುಡುಗ ಯಾವ ಊರಲ್ಲೂ ಇರಲಿಲ್ಲ.

ಮಾರನೇ ಬೆಳಿಗ್ಗೆ ರಜೆ ಚೀಟಿ ಕೊಟ್ಟು ಹೊಸದುರ್ಗದ ಬಸ್ ಹತ್ತಿದೆ, ಅಲ್ಲಿಂದ ಇನ್ನೊಂದು ಬಸ್ಸು. ಶ್ರೀರಾಂಪುರದಲ್ಲಿ ಇಳಿದಾಗ ಫ್ಲೆಕ್ಸಿನ ಕಡೆ ನೋಡಲು ಧೈರ್ಯ ಬರಲಿಲ್ಲ. ಗಿರಣಿಯವರು ಬೆಲ್ಟ್ ನಿಲ್ಲಿಸಿ ಹೊರಗೆ ಬಂದರು.

"ಬರ್ರಿ ಸಾಹೇಬ್ರೇ, ಕುಂತ್ಕಳ್ರಿ. ಚಾ ತರಿಸ್ತೀನಿ."

"ಚಾ ಇರಲಿ. ಐದನೇ ನಂಬರ್ ಯಾರು?"

"ಯಾವ ಪಂದ್ಯದಾಗೆ?"

ಆ ಮನುಷ್ಯ ಅದನ್ನು ಎಷ್ಟು ಸಲೀಸಾಗಿ ಕೇಳಿದರೆಂದರೆ ನನಗೆ ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ.

"ಐದು ಅಂದ್ರೆ ನಮ್ಮಲ್ಲಿ ಎಡ ಮೂಲೆ" ಎಂದು ಅವರೇ ಬಿಡಿಸಿ ಹೇಳಿದರು. "ನಂಬರು ಆ ಜಾಗದ್ದು, ಮನಷನ್ದಲ್ಲ. ನಮ್ಮಪ್ಪನ ಕಾಲದಿಂದ್ಲೂ ಹಂಗೇ. ಎಡ ಮೂಲೇಲಿ ಯಾರು ನಿಲ್ತಾರೋ ಅವ್ರು ಐದು ಹಾಕ್ಕಂತಾರೆ. ಬದ್ಲಿ ಆಟಗಾರ ಹೋದ್ರೆ ಅಂಗೀನೂ ಬದ್ಲಿ. ಇಲ್ದಿದ್ರೆ ನೋಡೋರಿಗೆ ಯಾರು ಎಲ್ಲಿ ನಿಂತವ್ರೆ ಅಂತ ಹೆಂಗ್ ಗೊತ್ತಾಗ್ಬೇಕು?"

"ಮತ್ತೆ ಫಾರಂ?"

"ಐದನೇ ನಂಬರ್ ಹುಡುಗನ್ದು ಕಳ್ಸಿ ಅಂತ ನೀವೇ ಅಲ್ವಾ ಫೋನ್ ಮಾಡಿದ್ದು? ಐದಕ್ಕೆ ಇಬ್ರವ್ರೆ. ಅಣ್ಣ ತಮ್ಮ, ದೊಡ್ಡಪ್ಪ ಚಿಕ್ಕಪ್ಪನ ಮಕ್ಳು. ದೊಡ್ಡೋನಿಗೆ ಇದೇ ಕೊನೇ ವರ್ಷ ಅಂತ ಅವನ್ದು ಕಳ್ಸಿದ್ವಿ. ಚಿಕ್ಕೋನಿಗೆ ಇನ್ನೊಂದು ವರ್ಷ ಐತೆ."

ಅವರ ಮಾತಿನಲ್ಲಿ ಒಂದು ಕಡೆಯೂ ಮೋಸವಿರಲಿಲ್ಲ. ನಾನು ನಂಬರ್ ಕೇಳಿದೆ, ಅವರು ನಂಬರ್ ಕೊಟ್ಟರು. ಹೆಸರು ಕೇಳುವುದಿಲ್ಲ ಎಂದು ಜಂಬ ಪಟ್ಟವನು ನಾನು.

ಹುಡುಗರಿಬ್ಬರನ್ನೂ ಮೈದಾನಕ್ಕೆ ಕರೆಸಿದೆ. ದೊಡ್ಡವನು ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದ, ಅಲ್ಲಿಂದಲೇ ಬಂದ, ಮೈ ತುಂಬ ನಾರು. ಚಿಕ್ಕವನು ಕಾಲೇಜು ಬಿಟ್ಟು ಬಂದ. ಎತ್ತರ, ಮೈಕಟ್ಟು ಒಂದೇ. ಐವತ್ತು ಹೆಜ್ಜೆ ದೂರದಿಂದ ಯಾರು ಯಾರೆಂದು ಈಗಲೂ ಹೇಳಲಾರೆ. ಇದು ಸಮಾಧಾನಕ್ಕೆ ಹೇಳಿಕೊಳ್ಳುತ್ತಿರುವ ಮಾತು, ನನಗೆ ಗೊತ್ತು.

ರೇಡ್ ಮಾಡಲು ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ. ನಾನೇ ಪ್ಯಾಂಟು ಮಡಚಿದೆ. ನಲವತ್ತೆರಡು ವರ್ಷ, ಸಕ್ಕರೆ ಕಾಯಿಲೆ ಈಗಷ್ಟೇ ಶುರು. ಗಿರಣಿಯವರ ಕೈಗೆ ಸ್ಟಾಪ್‌ವಾಚ್ ಕೊಟ್ಟು, ಒಬ್ಬೊಬ್ಬನ ಮೇಲೆ ಹತ್ತು ರೇಡ್ ಅಂದೆ. ಜೊತೆಗೆ ಸರಪಳಿಗೆಂದು ಮಂಡಿಯ ಇಬ್ಬರು ಹುಡುಗರು ನಿಂತರು.

ದೊಡ್ಡವನು ಬಲಗಾಲು ಮುಂದಿಟ್ಟು ನಿಂತ. ನನ್ನನ್ನು ನಾಲ್ಕು ಸಲ ಎದೆಗೊತ್ತಿ ಹೊರಗೆ ಹಾಕಿದ, ಎರಡು ಸಲ ಕಾಲಿಗೆ ಬಿದ್ದು ತಪ್ಪಿದ, ನಾಲ್ಕು ಸಲ ನಾನು ಮುಟ್ಟಿ ಬಂದೆ. ನಲವತ್ತೆರಡರ ನಾನು! ಶಕ್ತಿ ಇತ್ತು, ಕಾಯುವ ಗುಣ ಇರಲಿಲ್ಲ. ನಾನು ಭುಜ ಅಲುಗಿಸಿದರೆ ಸಾಕು, ಮುಂದಕ್ಕೆ ಬಂದುಬಿಡುತ್ತಿದ್ದ.

ಚಿಕ್ಕವನ ಮುಂದೆ ಹೋದೆ. ಎಡಗಾಲು ಮುಂದೆ. ಭುಜ ಅಲುಗಿಸಿದೆ, ಸೊಂಟ ತಿರುಗಿಸಿದೆ, ಸುಳ್ಳು ಕಾಲು ಚಾಚಿದೆ. ಕಣ್ಣೇ ಮಿಟುಕಿಸಲಿಲ್ಲ. ಒಂದು ರೇಡ್‌ಗೆ ಇರುವ ಮೂವತ್ತು ಸೆಕೆಂಡಿನಲ್ಲಿ ಇಪ್ಪತ್ತು ಕಳೆದಿರಬೇಕು, ಉಸಿರು ಕಟ್ಟುತ್ತಿತ್ತು, ನಿಜವಾಗಿ ಕಾಲು ಚಾಚಿದೆ. ಆಕಾಶ ಕಂಡಿತು. ಹತ್ತರಲ್ಲಿ ಎಂಟು ಸಲ ನಾನು ನೋಡಿದ್ದು ಆಕಾಶವನ್ನೇ.

ಮಣ್ಣಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದಾಗ ದೊಡ್ಡವನು ನೀರಿನ ಬಾಟಲಿ ತಂದುಕೊಟ್ಟು ಪಕ್ಕದಲ್ಲಿ ಕೂತ.

"ನಂಗೆ ಗೊತ್ತಿತ್ತು ಸಾರ್" ಅಂದ. "ಒಂದನೇ ನಂಬರ್ ಅಂದಾಗ್ಲೇ ಗೊತ್ತಾತು. ಇಷ್ಟು ನಾನು ಆಡಿಲ್ಲ ಅಂತ."

"ಮತ್ತೆ ಯಾಕಪ್ಪ ಹೇಳ್ಲಿಲ್ಲ?"

"ಹೇಳ್ಬೇಕು ಅನ್ಕಂಡೆ. ಅಷ್ಟ್ರಾಗೆ ಫ್ಲೆಕ್ಸ್ ಹಾಕ್ಬಿಟ್ರು."

ಚಿಕ್ಕವನು ನಿಂತಲ್ಲೇ ನೆಲ ಕೆರೆಯುತ್ತ ಅಂದ: "ಅಣ್ಣಂದೇ ಇರ್ಲಿ ಬಿಡ್ರಿ ಸಾರ್. ನಂಗೇನು, ಇನ್ನೊಂದು ವರ್ಷ ಐತಲ್ಲ."

ಗಿರಣಿಯವರು ಮೆಲ್ಲಗೆ ನನ್ನ ಭುಜ ಹಿಡಿದರು. "ಯಾರಿಗೂ ತೊಂದ್ರೆ ಇಲ್ಲ ಸಾಹೇಬ್ರೇ. ಆ ಹುಡುಗ ಒಂದ್ಸಲ ಮ್ಯಾಟ್ ಮೇಲೆ ನಿಂತ್ಕಳ್ಲಿ. ಕಲೀತಾನೆ. ನೀವು ಒಂದು ಮಾತೂ ಸುಳ್ಳು ಹೇಳ್ಬೇಕಾಗಿಲ್ಲ, ಸುಮ್ನಿದ್ರೆ ಸಾಕು."

ಅವರು ಕೇಳಿದ್ದು ಅಷ್ಟೇ. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾನು ಸುಮ್ಮನಿರುವುದನ್ನು ಗಂಭೀರವಾಗಿ ಯೋಚಿಸಿದೆ. ಮುಚ್ಚಿಡುವುದೇನು, ಹೊಸದುರ್ಗ ಬರುವಷ್ಟರಲ್ಲಿ ಮುಕ್ಕಾಲು ಪಾಲು ಒಪ್ಪಿಕೊಂಡಿದ್ದೆ. ಎರಡೂ ಕಾಲಲ್ಲಿ ನಿಲ್ಲುವ ಹುಡುಗ ಎಂದು ಕೋಚ್‌ಗೆ ಹೇಳಿಬಿಟ್ಟರೆ ಮುಗಿಯಿತು. ಹುಡುಗನಿಗೆ ಕೊನೆಯ ಅವಕಾಶ ಸಿಗುತ್ತದೆ, ಊರಿಗೆ ಮರ್ಯಾದೆ ಉಳಿಯುತ್ತದೆ, ನನಗೂ ಉಳಿಯುತ್ತದೆ. ಮುಖ್ಯವಾಗಿ ನನಗೆ. ತರಬೇತಿ ಶಿಬಿರದ ಎರಡನೇ ದಿನವೇ ಅವನ ಬಂಡವಾಳ ಬಯಲಾಗಿ ವಾಪಸ್ ಕಳಿಸಿದರೆ, ಆಗ ಯಾರು ನನ್ನನ್ನು ಕೇಳುತ್ತಾರೆ?

ಆದರೆ ಗಿರಣಿಯವರು ಯಾರಿಗೂ ತೊಂದರೆ ಇಲ್ಲ ಅಂದದ್ದು ತಪ್ಪು. ಆ ಮೈದಾನದಲ್ಲಿ ಇಲ್ಲದ ಒಬ್ಬನಿಗೆ ತೊಂದರೆ ಇತ್ತು. ಕೋಚ್ ತೆಗೆದುಕೊಳ್ಳುವುದು ಒಬ್ಬನೇ ಎಡ ಮೂಲೆ. ಹೊಳಲ್ಕೆರೆಯ ಹುಡುಗ ತನ್ನ ಅಂಗಿಯಲ್ಲಿ, ನನ್ನ ಕಣ್ಣೆದುರು, ತನ್ನ ಕೈಯಿಂದಲೇ ಹಿಡಿದಿದ್ದ. ತನ್ನನ್ನು ಎಲ್ಲಿಡುತ್ತೀರಿ ಎಂದು ಕೇಳಿದ್ದ. ಇಬ್ಬರು ಸೇರಿ ಆಡಿದ ಆಟದ ಹಿಂದೆ ಒಬ್ಬನನ್ನು ನಿಲ್ಲಿಸಿ ನೀನು ಎರಡನೆಯವನು ಅನ್ನುವುದು ಯಾವ ನ್ಯಾಯ?

ಹೊಸದುರ್ಗ ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತು ಕೋಚ್‌ಗೆ ಫೋನ್ ಮಾಡಿದೆ. ಗಾಣದ ಗೆಜ್ಜೆ ಸದ್ದಿನಲ್ಲಿ ಎರಡೆರಡು ಸಲ ಕೂಗಿ ಹೇಳಬೇಕಾಯಿತು. ನನ್ನ ಜೀವನದ ದೊಡ್ಡ ಅವಮಾನವನ್ನು ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಕೋಚ್ ಕೇಳಿದ್ದು ಒಂದೇ ಪ್ರಶ್ನೆ: "ಉಳಿದ ಹತ್ತೊಂಬತ್ತರಲ್ಲಿ ಎಷ್ಟು ಜನರನ್ನ ವಿಡಿಯೊದಲ್ಲಿ ಬರೀ ನಂಬರ್ ನೋಡಿ ಬರೆದಿದ್ದೀರಿ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಲ್ಲೇ ನೋಟ್‌ಬುಕ್ ತಿರುವಿ ಹಾಕಿದೆ. "ಆರು" ಅಂದೆ.

"ಸರಿ ಮಾಡಿ ಕಳಿಸಿ ಮೇಷ್ಟ್ರೇ. ನಾಳಿದ್ದು ಸಂಜೆಯೊಳಗೆ." ಫೋನ್ ಇಟ್ಟರು.

ಆ ಎರಡು ದಿನ ಹೇಗೆ ಕಳೆದೆನೋ. ಆರು ಹುಡುಗರನ್ನು ಊರೂರಿಗೆ ಹೋಗಿ ಎದುರು ನಿಲ್ಲಿಸಿಕೊಂಡು, ಯಾವ ಪಂದ್ಯದಲ್ಲಿ ಯಾವ ಅಂಗಿ ಹಾಕಿದ್ದೆ ಎಂದು ಪೊಲೀಸರ ಹಾಗೆ ಕೇಳಿದೆ. ಮದಕರಿಪುರದವನು ಹೆದರಿ ಅತ್ತುಬಿಟ್ಟ. ಆರೂ ಸರಿಯಾಗಿದ್ದವು. ಅಂಗಿಯನ್ನು ಜಾಗಕ್ಕೆ ಕಟ್ಟಿಹಾಕುವ ಪದ್ಧತಿ ಇದ್ದದ್ದು ಶ್ರೀರಾಂಪುರದಲ್ಲಿ ಮಾತ್ರ. ಕೊನೆಗೆ ದೊಡ್ಡವನ ಪುಟ ಹರಿದು ಹೊಸ ಪುಟ ಬರೆದೆ. ನಾನು ಕಣ್ಣಾರೆ ನೋಡಿದ ಒಂದು ಪಂದ್ಯ, ಅವನ ಮೇಲೆ ನಾನು ಮಾಡಿದ ಹತ್ತು ರೇಡ್. ಕರುಣೆಗೆ ಒಂದು ಅಂಕವನ್ನೂ ಹಾಕಬಾರದು ಎಂದು ಹಲ್ಲು ಕಚ್ಚಿ ಕೂತೆ. ಕೂಡಿದೆ, ಕಳೆದೆ, ಮತ್ತೆ ಕೂಡಿದೆ. ಹದಿನಾಲ್ಕನೇ ಜಾಗಕ್ಕಿಂತ ಮೇಲೆ ಬರಲಿಲ್ಲ. ಹೊಳಲ್ಕೆರೆಯವನು ಒಂದಕ್ಕೆ ಬಂದ. ಚಿಕ್ಕವನಿಗೆ ಫಾರಂ ಇಲ್ಲ, ಆದ್ದರಿಂದ ನಾನು ನೋಡಿದ ಅತಿ ಒಳ್ಳೆಯ ಎಡ ಮೂಲೆ ಪಟ್ಟಿಯಲ್ಲೇ ಇರಲಿಲ್ಲ. ಹೇಳಿದ ಹೊತ್ತಿಗೆ ಒಂದು ಗಂಟೆ ಮುಂಚೆಯೇ ಕಳಿಸಿದೆ.

ಹೊಳಲ್ಕೆರೆಯವನಿಗೆ ಫೋನ್ ಮಾಡಿ, "ಒಂದನೇ ಜಾಗದಲ್ಲಿಟ್ಟಿದ್ದೀನಿ" ಅಂದೆ. ಬಾಯಿ ಬಿಟ್ಟು ಒಂದು ಸಲ ಕೆಟ್ಟವನು ಮತ್ತೆ ಅದನ್ನೇ ಮಾಡಿದೆ. ಆದರೆ ಆ ಮಾತು ಅವನ ಕಿವಿಗೆ ಬೀಳಲೇಬೇಕು ಅನ್ನಿಸಿತ್ತು.

ಡ್ರಾಫ್ಟ್ ಫೋನಿನಲ್ಲೇ ನೇರ ಪ್ರಸಾರವಾಯಿತು. ಸ್ಟಾಫ್ ರೂಮಿನಲ್ಲಿ ಒಬ್ಬನೇ ಕೂತು ನೋಡಿದೆ. ನಮ್ಮ ಕೋಚ್‌ನ ಸರದಿ ಬಂತು. ಕೊಟ್ಟ ಒಂದು ನಿಮಿಷವನ್ನು ಅವರು ಬಳಸಲೇ ಇಲ್ಲ, ತಕ್ಷಣ ಹೆಸರು ಹೇಳಿದರು. ಲೆಫ್ಟ್ ಕಾರ್ನರ್. ಬೇರೆ ಜಿಲ್ಲೆಯವನು. ನನ್ನ ಪಟ್ಟಿಯವರು ಯಾರಾದರೂ ಆಯ್ಕೆಯಾದಾರೇನೋ ಎಂದು ಕೊನೆಯವರೆಗೂ ಕೂತೆ. ಹಿರಿಯೂರಿನ ರೇಡರ್‌ನನ್ನು ಬೇರೊಂದು ತಂಡ ತೆಗೆದುಕೊಂಡಿತು, ಅದಕ್ಕೂ ನನಗೂ ಸಂಬಂಧವಿಲ್ಲ. ನಾಲ್ಕು ತಾಲ್ಲೂಕಿನ ಉಳಿದ ಹತ್ತೊಂಬತ್ತು ಹೆಸರುಗಳನ್ನು ಯಾರೂ ಕೂಗಲಿಲ್ಲ.

ಸಂಜೆ ಕೋಚ್‌ಗೆ ಫೋನ್ ಮಾಡಿದೆ. ಬೈದಿದ್ದರೆ ಚೆನ್ನಾಗಿತ್ತು. ಮೃದುವಾಗಿಯೇ ಹೇಳಿದರು: "ನಿಮ್ಮ ಎರಡನೇ ಪಟ್ಟಿ ನಾನು ತೆರೆದೇ ನೋಡಲಿಲ್ಲ ಮೇಷ್ಟ್ರೇ. ನೀವು ಪ್ರಾಮಾಣಿಕರು, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಒಂದು ನಿಮಿಷದಲ್ಲಿ ನಾನು ನಂಬೋಕೆ ಆಗುವ ಪಟ್ಟಿ ಬೇಕು."

ಹೊಳಲ್ಕೆರೆಯ ಹುಡುಗ ಮಾರನೇ ದಿನ ಫೋನ್ ಮಾಡಿದ. "ಸಾರ್, ಫಸ್ಟು ಅಂದಿದ್ರಲ್ಲ?" ಅಂದ. ನಾನು ಏನೋ ಹೇಳಲು ಹೋದೆ. "ಇರ್ಲಿ ಬಿಡ್ರಿ ಸಾರ್" ಎಂದು ಅವನೇ ಇಟ್ಟುಬಿಟ್ಟ. ಸುಮ್ಮನಿದ್ದಿದ್ದರೆ ಒಬ್ಬನಾದರೂ ಹೋಗುತ್ತಿದ್ದ, ಬಾಯಿ ಬಿಟ್ಟು ಇಬ್ಬರನ್ನೂ ಕಳೆದೆ. ಈ ಲೆಕ್ಕ ಎಷ್ಟು ಸಲ ಮಾಡಿದರೂ ಉತ್ತರ ಬದಲಾಗುವುದಿಲ್ಲ. ಆ ವಾರ ಮೈದಾನದಲ್ಲಿ ಮಕ್ಕಳ ಮೇಲೆ ವಿನಾಕಾರಣ ರೇಗಿದೆ.

ದೊಡ್ಡವನಿಗೆ ನಾನೇ ಹೋಗಿ ಹೇಳಬೇಕಿತ್ತು. ಆಯ್ಕೆಯಾಗಲಿಲ್ಲ ಅನ್ನುವುದು ಅವನಿಗೆ ಗೊತ್ತಾಗಿರುತ್ತದೆ, ಆದರೂ ಹೋದೆ. ಶ್ರೀರಾಂಪುರದಲ್ಲಿ ಮೊದಲು ಚಿಕ್ಕವನನ್ನು ಕಂಡು, ಹೊಸ ಪುಟದಲ್ಲಿ ಅವನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ, ಮುಂದಿಡುವ ಕಾಲು ಎಲ್ಲ ನನ್ನ ಕೈಯಾರೆ ಬರೆದುಕೊಂಡೆ. ಮುಂದಿನ ವರ್ಷ ಆ ಪುಟವನ್ನು ಯಾರಿಗೆ ತೋರಿಸುತ್ತೇನೆ, ಯಾರು ನೋಡುತ್ತಾರೆ, ಗೊತ್ತಿರಲಿಲ್ಲ. ಆಮೇಲೆ ಮಂಡಿಗೆ ಹೋದೆ.

ದೊಡ್ಡವನು ಕಾಯಿ ಸುಲಿಯುತ್ತಿದ್ದ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಎತ್ತಿ ಕುಕ್ಕುವುದು, ತಿರುಚುವುದು, ಮೂರು ಏಟಿಗೆ ಸಿಪ್ಪೆ ಬೇರೆ, ಕಾಯಿ ಬೇರೆ. ನನ್ನನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ.

"ಆಗ್ಲಿಲ್ಲಪ್ಪ" ಅಂದೆ.

"ನೋಡಿದ್ವಿ ಸಾರ್. ಎಲ್ರೂ ಕುಂತ್ಕಂಡು ನೋಡಿದ್ವಿ."

"ನಾನೇ ಫೋನ್ ಮಾಡಿ ಹೇಳಿದೆ ಕೋಚ್‌ಗೆ. ಇಬ್ಬರದೂ ಸೇರಿಹೋಗಿದೆ ಅಂತ."

"ಹೇಳ್ತೀರಿ ಅಂತ ಗೊತ್ತಿತ್ತು. ನಮ್ಮ ಗಿರಣಿಯೋರು ಹೇಳಲ್ಲ ಅಂದಿದ್ರು."

ಎರಡು ಕಾಯಿ ಸುಲಿದ. ಆಮೇಲೆ ಕೈ ನಿಲ್ಲಿಸಿ ಕೇಳಿದ: "ಸಾರ್, ಸರಿ ಮಾಡಿದ ಮೇಲೆ ನಂದು ಎಷ್ಟನೇದು ಬಂತು?"

ಇದನ್ನು ಕೇಳುತ್ತಾನೆಂದು ನಾನು ಎಣಿಸಿರಲಿಲ್ಲ. "ಹದಿನಾಲ್ಕು" ಅಂದೆ.

"ಅದ್ರಾಗೆ ತಮ್ಮಂದು ಎಷ್ಟು ಹಿಡಿತ ಸೇರೈತೆ?"

"ಒಂದೂ ಇಲ್ಲ."

"ಪೂರ್ತಿ ನಂದೇ?"

"ಪೂರ್ತಿ ನಿಂದೇ."

ಅವನು ಮೊನೆಯ ಮೇಲಿದ್ದ ಕಾಯಿಯನ್ನು ತೆಗೆದು ಕೆಳಗಿಟ್ಟ. "ಹೋಬಳಿಗಾ ಸಾರ್, ತಾಲ್ಲೂಕಿಗಾ?"

"ನಾಲ್ಕೂ ತಾಲ್ಲೂಕಿಗೆ."

ತಿರುಗಿ, ಸಿಪ್ಪೆಯ ರಾಶಿಯ ಆಚೆ ಕೆಲಸ ಮಾಡುತ್ತಿದ್ದವರಿಗೆ ಕೇಳುವ ಹಾಗೆ ಕೂಗಿದ: "ಲೇ, ನಾಕು ತಾಲ್ಲೂಕಿಗೆ ಹದಿನಾಕನೇಯೋನಂತೆ ಕಣ್ರಲೇ ನಾನು!" ಅಲ್ಲಿದ್ದವರು ನಕ್ಕರು, ಒಬ್ಬ ಶಿಳ್ಳೆ ಹೊಡೆದ. ಅವನೂ ನಕ್ಕ. ನಾನು ಅವನನ್ನು ನೋಡಿದ ಅಷ್ಟು ದಿನಗಳಲ್ಲಿ ಅವನು ನಕ್ಕಿದ್ದು ಅದೇ ಮೊದಲು.

ಆ ಪಟ್ಟಿಯನ್ನು ಯಾರೂ ತೆರೆದು ನೋಡಿರಲಿಲ್ಲ ಎಂದು ನಾನು ಅವನಿಗೆ ಹೇಳಲಿಲ್ಲ.